ಡಿಸ್ಟ್ರೋಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಹಳೇ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತಿದ್ದೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, 11 ಹಾಕಲು ಆಗದ ಮಷೀನುಗಳು ಜಾಸ್ತಿ ಇವೆ. ಫ್ಲೆಕ್ಸ್ ಅಂಗಡಿ ಆರಕ್ಕೆ ಮುಚ್ಚುತ್ತದೆ. ಡಿಸ್ಟ್ರೋಗೆ (ಡಿಸ್ಟ್ರಿಬ್ಯೂಷನ್, ಅಂದರೆ ಹಾಕಿಕೊಳ್ಳಲು ಸಿದ್ಧವಾಗಿರುವ ಒಂದೊಂದು ಬಗೆಯ ಲಿನಕ್ಸ್) ನಾನು 'ವಿತರಣೆ' ಅಂತ ಹಾಕಿ 'ಭಾನುವಾರ 10ಕ್ಕೆ ಉಚಿತ ಲಿನಕ್ಸ್ ವಿತರಣೆ' ಅಂತ ಬರೆದಿದ್ದೆ. ನಮ್ಮತ್ತೆ ಓದಿ, "ಚೀಲ ತಗೊಂಡು ಹೋಗ್ಬೇಕಾ?" ಅಂದರು. ಬೇರೆ ಪದ ಕೊಡಿ.

ಮರು:
ಅತ್ತೆಯವರು ಹೇಳಿದ್ದು ಸರಿ ಮೇಡಂ, ವಿತರಣೆ ಅಂದರೆ ರೇಷನ್ ಅಂಗಡಿಯೇ ಕಣ್ಣಿಗೆ ಬರೋದು. 'ಹಂಚಿಕೆ'ಯೂ ಬೇಡ, ಹಂಚಿಕೆ ಹಾಕಿದ ಅಂದರೆ ಒಳಗೊಳಗೇ ಏನೋ ಉಪಾಯ ಹೂಡಿದ ಅಂತ. 'ತಳಿ' ಅನ್ನಿ. ಎಷ್ಟು ವರ್ಷದಿಂದ ಹೇಳ್ತಾ ಇದ್ದೀನಿ, ಯಾರು ಕೇಳ್ತೀರಿ? ಭತ್ತಕ್ಕೆ ತಳಿ ಇದೆ, ಹಸುವಿಗೆ ಇದೆ. 1993ರಲ್ಲಿ ಶುರುವಾದ ಡೆಬಿಯನ್ ಅನ್ನೋ ಡಿಸ್ಟ್ರೋದಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ 2006ರಲ್ಲಿ ಮಿಂಟ್. ಒಳಗಿರೋದು ಲಿನಕ್ಸ್ ಶುರುಮಾಡಿದ ಟೋರ್ವಾಲ್ಡ್ಸ್ 1991ರಲ್ಲಿ ಬಿತ್ತಿದ ಕರ್ನಲ್ಲೇ (ತಳದಲ್ಲಿ ಕೂತು ಮಷೀನು ನಡೆಸೋ ಭಾಗ), ಮೇಲಿನ ಡೆಸ್ಕ್‌ಟಾಪು, ಪ್ಯಾಕೇಜು, ಅಪ್‌ಡೇಟ್ ಕೊಡೋ ರೀತಿ ಬೇರೆ ಬೇರೆ. ಇದು ತಳಿ ಅಲ್ಲದೆ ಮತ್ತೇನು? 'ತಳಿರು' ಕೂಡ ಇದೇ ಬಳ್ಳಿಯದು ಅಂತ ನನ್ನ ನಂಬಿಕೆ.

ಮರು:
ನಂಬಿಕೆಗೆ ನಿಘಂಟು ಬೇಡ ಬಿಡಿ. ನಮ್ಮ ಕಡೆ ತಳಿಯೋದು ಅಂಗಳಕ್ಕೆ ನೀರು. ಲ್ಯಾಪ್‌ಟಾಪಿಗೆ ತಳಿದು ನೋಡಿ. ಸುಮ್ನೆ ಡಿಸ್ಟ್ರೋ ಅಂತ ಬರೆಯಿರಿ, ಬಸ್ಸು ಸೈಕಲ್ಲು ಒಗ್ಗಿದ ಹಾಗೆ ಇದೂ ಒಗ್ಗುತ್ತದೆ. 'ತಂತ್ರಾಂಶ' ಬಂದು ಇಷ್ಟು ಕಾಲ ಆಯ್ತು, ರಿಪೇರಿ ಅಂಗಡಿಯಲ್ಲಿ ಯಾರಾದರೂ ಅಂತಾರಾ? ಮೆನುವಿನಲ್ಲಿ ಇನ್‌ಸ್ಟಾಲ್‌ಗೆ 'ಅನುಸ್ಥಾಪಿಸು' ಅಂತ ಕಂಡ ದಿನವೇ ನಾನು ಇಂಗ್ಲಿಷಿಗೆ ಬದಲಾಯಿಸಿಕೊಂಡೆ. ಗಣಪತೀನ ಸ್ಥಾಪಿಸ್ತೀವಿ, ಸಾಫ್ಟ್‌ವೇರ್ ಹಾಕ್ತೀವಿ.

ಮರು:
ಎರವಲು ತರೋದಕ್ಕೆ ನನ್ನ ತಕರಾರಿಲ್ಲ ('ತಕರಾರೂ' ಎರವಲೇ). ಆದರೆ 'ಉಚಿತ'ವನ್ನು ಯಾರೂ ಮುಟ್ಟಲಿಲ್ಲವಲ್ಲ! ಇಂಗ್ಲಿಷಿನ 'ಫ್ರೀ'ಯಲ್ಲಿ ಬಿಟ್ಟಿಯೂ ಸ್ವಾತಂತ್ರ್ಯವೂ ಕಲಸಿಹೋಗಿವೆ. ಫ್ರೀ ಸಾಫ್ಟ್‌ವೇರ್ ಚಳವಳಿ ಶುರುಮಾಡಿದ ಸ್ಟಾಲ್ಮನ್ ಅದನ್ನು ಬಿಡಿಸಿ ಹೇಳಿ ಹೇಳಿ ಸಾಕಾದರು, 1998ರಲ್ಲಿ 'ಓಪನ್ ಸೋರ್ಸ್' (ಎಲ್ಲರಿಗೂ ತೆರೆದಿಟ್ಟ ಕೋಡ್) ಅನ್ನೋ ಹೆಸರು ಹುಟ್ಟಿದ್ದಕ್ಕೆ ಆ ಗೊಂದಲವೂ ಒಂದು ಕಾರಣ. ನಮಗೆ ಆ ತಾಪತ್ರಯವೇ ಇಲ್ಲ, ಎರಡಕ್ಕೂ ಬೇರೆ ಪದ ಇದೆ. ಇದ್ದೂ 'ಉಚಿತ' ಅಂದರೆ, ಕೋಡ್ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡುವ ಹಕ್ಕಿನ ಮಾತೇ ಬಿದ್ದುಹೋಯಿತು. 'ಸ್ವತಂತ್ರ' ಅನ್ನಿ. 'ಮುಕ್ತ' ಬೇಡ. ಹೊಗೆಮುಕ್ತ, ಸಾಲಮುಕ್ತ ಓದಿ ರೂಢಿಯಾದವರು ನಿಮ್ಮದನ್ನು ಲಿನಕ್ಸ್‌ಮುಕ್ತ ಲೈಬ್ರರಿ ಅಂದುಕೊಂಡಾರು.

ಮರು:
ತಳಿಯನ್ನು ನೀರಿಗೆ ಇಳಿಸಿದವರಿಗೆ: ಒಂದೇ ಪದಕ್ಕೆ ಎರಡು ಅರ್ಥ ಇರಬಾರದಾ? 'ಹಂಚು' ಮಾಡಿನ ಮೇಲೂ ಇದೆ, ಒಲೆಯ ಮೇಲೂ ಇದೆ. ಯಾರೂ ರೊಟ್ಟಿ ಬೇಯಿಸೋಕೆ ಮಾಡು ಹತ್ತಿಲ್ಲ.

ಮರು:
ಐದೂವರೆ ಆಯ್ತು ಸ್ವಾಮಿ, ಫ್ಲೆಕ್ಸ್ ಕಳಿಸಿಬಿಟ್ಟೆ. 'ಹಳೇ ಲ್ಯಾಪ್‌ಟಾಪ್ ತನ್ನಿ, ಲಿನಕ್ಸ್ ಮಿಂಟ್ ಹಾಕಿಕೊಡ್ತೀವಿ. ದುಡ್ಡು ಬೇಡ. ಫೈಲುಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.' ಡಿಸ್ಟ್ರೋ ಪದವೇ ಬೇಕಾಗಲಿಲ್ಲ ನೋಡಿ. ಒಳಗೆ ಕೊಡುವ ಕರಪತ್ರದಲ್ಲಿ ಮಾತ್ರ 'ಮಿಂಟ್, ಉಬುಂಟು, ಡೆಬಿಯನ್ ಲಿನಕ್ಸಿನ ತಳಿಗಳು, ಅಂದರೆ ಡಿಸ್ಟ್ರೋಗಳು' ಅಂತ ಒಂದು ಸಲ ಹಾಕಿದ್ದೇನೆ. ಇಬ್ಬರೂ ಬೈಯಬೇಡಿ.

ಮರು:
ತಳಿಗಳು ಅಂತ ಹಾಕೇಬಿಟ್ಟಿರಾ? ನೀರಿನ ಬಾಟಲಿ ದೂರ ಇಡಿ.