ಪದಚರ್ಚೆ: ಬಸ್ಸಿಂದ ಬಸ್ಸಿಗೆ ದಾಟಿಕೊಳ್ಳುವ ಜಾಗಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಒಂದು ಸಣ್ಣ ಕೈಪಿಡಿ ತರುತ್ತಿದ್ದೇವೆ. ಬಸ್ ನಿಲ್ದಾಣ ಹೇಗಿರಬೇಕು ಅನ್ನುವುದನ್ನು ಸಾರಿಗೆ ಸಂಸ್ಥೆಯ ಎಂಜಿನಿಯರುಗಳಷ್ಟೇ ತೀರ್ಮಾನಿಸದೆ, ಸುತ್ತಲಿನ ಜನ ಕಟ್ಟಿಕೊಂಡ ಸಂಸ್ಥೆಯೂ ಜೊತೆಗೆ ಕೂತರೆ ಏನಾಗುತ್ತದೆ ಎಂಬುದು ವಿಷಯ. ಉದಾಹರಣೆಗೆ ಆರಿಸಿಕೊಂಡಿರುವುದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದ ಫ್ರೂಟ್‌ವೇಲ್ ನಿಲ್ದಾಣ. ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕೈದು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ, ನಿಮ್ಮ ಸಲಹೆ ಬೇಕು.

ಮೊದಲು ಆ ಜಾಗದ ಕಥೆ, ಯಾಕಂದರೆ ಅದಿಲ್ಲದೆ ಪದ ತೂಗುವುದು ಕಷ್ಟ. ಫ್ರೂಟ್‌ವೇಲ್‌ನಲ್ಲಿ 1972ರಿಂದ ಬಾರ್ಟ್ ರೈಲು ನಿಲ್ಲುತ್ತದೆ. ನಮ್ಮ ಮೆಟ್ರೋ ಹಾಗೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲ ಊರುಗಳನ್ನು ಜೋಡಿಸುವ ರೈಲು ಅದು. ಎಸಿ ಟ್ರಾನ್ಸಿಟ್ ಎಂಬ ಬೇರೆಯೇ ಸಂಸ್ಥೆಯ ಬಸ್ಸುಗಳು ಆ ನಿಲ್ದಾಣದ ಅಂಗಳಕ್ಕೆ ಬರುತ್ತವೆ. ರೈಲಿಂದ ಇಳಿದವರು ಬಸ್ಸು ಹತ್ತುತ್ತಾರೆ, ಒಂದು ಬಸ್ಸಿಂದ ಇಳಿದವರು ಇನ್ನೊಂದು ಬಸ್ಸು ಹತ್ತುತ್ತಾರೆ. 1991ರಲ್ಲಿ ಬಾರ್ಟ್‌ನವರು ನಿಲ್ದಾಣದ ಮುಂದೆ ಬಹುಮಹಡಿ ಪಾರ್ಕಿಂಗ್ ಕಟ್ಟಡ ಕಟ್ಟುತ್ತೇವೆ ಎಂದರು. ಅದು ಏಳಬೇಕಿದ್ದದ್ದು ಸರಿಯಾಗಿ ನಿಲ್ದಾಣಕ್ಕೂ ಪಕ್ಕದ ಅಂಗಡಿ ಬೀದಿಗೂ ನಡುವೆ. ಮೊದಲೇ ವ್ಯಾಪಾರ ಸೊರಗಿದ್ದ ಬೀದಿ, ಎದುರಿಗೆ ಕಾಂಕ್ರೀಟು ಗೋಡೆ ಬಂದರೆ ರೈಲಿಂದ ಇಳಿದವರ ಕಣ್ಣಿಗೂ ಬೀಳದು. ಯೂನಿಟಿ ಕೌನ್ಸಿಲ್ ಎಂಬ ಸಂಸ್ಥೆ ಇದನ್ನು ವಿರೋಧಿಸಿತು. 1964ರಲ್ಲಿ ಹುಟ್ಟಿ, ಅಲ್ಲಿನ ಸ್ಪ್ಯಾನಿಷ್ ಮಾತಿನ ಜನರ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆ. ಆಗ ಅದರ ಮುಂದಾಳು ಅರಬೆಲ್ಲಾ ಮಾರ್ಟಿನೆಜ್. ನನಗೆ ಇವರ ಬಗ್ಗೆ ಗೌರವ ಹುಟ್ಟಿದ್ದು ಮುಂದಿನ ಹೆಜ್ಜೆಯಿಂದ. ಬೇಡ ಎಂದು ಹೇಳಿ ಮನೆಗೆ ಹೋಗಲಿಲ್ಲ. ಜನರನ್ನು ಕೂರಿಸಿ ಸಭೆ ಮಾಡಿದರು, ವಿಶ್ವವಿದ್ಯಾಲಯದವರನ್ನು ಕರೆದು ಬದಲಿ ನಕ್ಷೆ ಬರೆಸಿದರು, ಹಣ ತಂದರು, ಬಾರ್ಟ್‌ನ ಜೊತೆ ಜಮೀನು ಅದಲುಬದಲು ಮಾಡಿಕೊಂಡರು. 1999ರಲ್ಲಿ ಕೆಲಸ ಶುರುವಾಗಿ 2004ರಲ್ಲಿ ಮೊದಲ ಹಂತ ಮುಗಿಯಿತು. ಕೆಳಗೆ ಅಂಗಡಿ, ಮೇಲೆ 47 ಮನೆ, ಚಿಕಿತ್ಸಾಲಯ, ಗ್ರಂಥಾಲಯ, ಶಿಶುವಿಹಾರ, ಹಿರಿಯರಿಗೊಂದು ಕೇಂದ್ರ. ಪಾರ್ಕಿಂಗ್ ಕಟ್ಟಡವೂ ಬಂತು, ಆದರೆ ದಾರಿಗೆ ಅಡ್ಡವಾಗಿ ಅಲ್ಲ. ನಿಲ್ದಾಣದಿಂದ ಅಂಗಡಿ ಬೀದಿಗೆ ಈಗ ಜನ ನಡೆದುಕೊಂಡೇ ಹೋಗುವಂಥ ಅಂಗಳವಿದೆ.

ಈಗ ಪದಗಳಿಗೆ ಬರೋಣ. ಮುಖ್ಯ ತೊಡಕು 'ಟ್ರಾನ್ಸ್‌ಫರ್', ಅಂದರೆ ಒಂದು ಬಸ್ಸಿಂದ ಇಳಿದು ಇನ್ನೊಂದನ್ನು ಹತ್ತುವುದು.

ನಿಘಂಟು ನೋಡಿದರೆ 'ವರ್ಗಾವಣೆ' ಅನ್ನುತ್ತದೆ. 'ಬಸ್ ವರ್ಗಾವಣೆ ಕೇಂದ್ರ' ಎಂದು ಬರೆದು ಇಬ್ಬರಿಗೆ ತೋರಿಸಿದೆ. ಇಬ್ಬರೂ ನಿವೃತ್ತ ಸರ್ಕಾರಿ ನೌಕರರು. ಡ್ರೈವರು ಕಂಡಕ್ಟರುಗಳನ್ನು ಒಂದು ಡಿಪೋದಿಂದ ಇನ್ನೊಂದಕ್ಕೆ ಹಾಕುವ ಆಫೀಸು ಎಂದೇ ಇಬ್ಬರೂ ತಿಳಿದರು. ತಪ್ಪು ಅವರದಲ್ಲ. ಕರ್ನಾಟಕದಲ್ಲಿ ವರ್ಗಾವಣೆ ಅಂದರೆ ನೌಕರರ ವರ್ಗ, ಶಾಲೆ ಬಿಡುವಾಗಿನ ವರ್ಗಾವಣೆ ಪತ್ರ, ಇಲ್ಲವೇ ಖಾತೆಯಿಂದ ಖಾತೆಗೆ ಹಣ. ಮನುಷ್ಯ ತಾನಾಗಿ ಬಸ್ಸು ಬದಲಿಸುವುದಕ್ಕೆ ಆ ಪದವನ್ನು ಯಾರೂ ಬಳಸಿಲ್ಲ. ಅದರಲ್ಲಿ ಇನ್ನೊಂದು ಧ್ವನಿಯೂ ಇದೆ: ವರ್ಗ ಆಗುವವನು ತನ್ನ ಇಷ್ಟದಿಂದ ಹೋಗುವುದಿಲ್ಲ, ಅವನನ್ನು ಯಾರೋ ಕಳಿಸುತ್ತಾರೆ.

ಹಾಗಾದರೆ ಜನ ಏನನ್ನುತ್ತಾರೆ? 'ಮೆಜೆಸ್ಟಿಕ್ಕಲ್ಲಿ ಚೇಂಜ್ ಮಾಡ್ಬೇಕು', 'ಅಲ್ಲಿ ಇಳಿದು ಬೇರೆ ಬಸ್ ಹಿಡೀಬೇಕು', 'ಕಡೂರಲ್ಲಿ ಕನೆಕ್ಷನ್ ಬಸ್ ಸಿಗುತ್ತೆ', 'ಅದಕ್ಕೆ ಲಿಂಕ್ ಇದೆ'. ಕೊನೆಯ ಎರಡು ಮಾತಲ್ಲಿ ಬಹಳ ಅರ್ಥ ತುಂಬಿದೆ. ಕನೆಕ್ಷನ್ ಬಸ್ ಎಂದರೆ ಸುಮ್ಮನೆ ಇನ್ನೊಂದು ಬಸ್ಸಲ್ಲ. ಮೊದಲಿನ ಬಸ್ಸು ಬರುವ ಹೊತ್ತಿಗೆ ಹೊಂದಿಕೊಂಡ ಬಸ್ಸು. ಮಲೆನಾಡಿನ ಕಡೆ ಸಂಜೆಯ ಕೊನೆಯ ಬಸ್ಸಿನ ವಿಷಯದಲ್ಲಿ ಈ ಹೊಂದಾಣಿಕೆಯೇ ಜೀವಾಳ. ಮೇಲಿನ ಬಸ್ಸು ತಡವಾದರೆ ಕೆಳಗಿನ ಬಸ್ಸು ಕಾಯುತ್ತದೋ ಇಲ್ಲವೋ ಎಂಬುದರ ಮೇಲೆ ರಾತ್ರಿ ಮನೆ ಸೇರುವುದೋ ಯಾರದೋ ಜಗಲಿ ಸೇರುವುದೋ ನಿರ್ಧಾರ. ಸಾರಿಗೆ ಯೋಜಕರು ದೊಡ್ಡ ಶಬ್ದಗಳಲ್ಲಿ ಹೇಳುವ ವೇಳಾಪಟ್ಟಿ ಜೋಡಣೆ ಇದೇ. ಕೈಪಿಡಿಯಲ್ಲಿ 'ಕನೆಕ್ಷನ್ ಬಸ್' ಎಂದೇ ಇಡುತ್ತೇನೆ, ಅದಕ್ಕೆ ಕನ್ನಡ ಪದ ಹುಡುಕುವುದು ಬೇಡ ಅನಿಸಿದೆ. ಅದು ಆಗಲೇ ಕನ್ನಡವಾಗಿದೆ.

ಆದರೆ ಜಾಗಕ್ಕೆ ಹೆಸರು ಬೇಕು. ಬೆಂಗಳೂರಿನಲ್ಲಿ ಜೆನರ್ಮ್ ಎಂಬ, ನಗರಗಳ ಅಭಿವೃದ್ಧಿಗೆ ಕೇಂದ್ರ ಸರ್ಕಾರ ತಂದ ಯೋಜನೆಯ ಹಣದಲ್ಲಿ ಬನಶಂಕರಿ, ಜಯನಗರ, ವಿಜಯನಗರ, ಯಶವಂತಪುರ, ಕೆಂಗೇರಿ, ದೊಮ್ಮಲೂರು ಮುಂತಾದ ಕಡೆ ಕಟ್ಟಿದ ನಿಲ್ದಾಣಗಳಿಗೆ ಟಿಟಿಎಂಸಿ ಎಂದು ಹೆಸರಿಟ್ಟರು. ಟ್ರಾಫಿಕ್ ಅಂಡ್ ಟ್ರಾನ್ಸಿಟ್ ಮ್ಯಾನೇಜ್‌ಮೆಂಟ್ ಸೆಂಟರ್. ಬೋರ್ಡಿನಲ್ಲಿ ಏನಿದ್ದರೂ ಜನ 'ಬನಶಂಕರಿ ಬಸ್ ಸ್ಟ್ಯಾಂಡ್' ಅಂತಲೇ ಅನ್ನುತ್ತಾರೆ. ಆ ಹೆಸರಿನ ನಾಲ್ಕು ಪದಗಳಲ್ಲಿ ಪ್ರಯಾಣಿಕ ಇಲ್ಲವೇ ಇಲ್ಲ, ಇರುವುದು ನಿರ್ವಹಣೆ. ಇದಕ್ಕೆ ತದ್ವಿರುದ್ಧ ಹುಬ್ಬಳ್ಳಿ-ಧಾರವಾಡ. ತಮಗೇ ಮೀಸಲಾದ ಪಥದಲ್ಲಿ ಓಡುವ ಬಸ್ಸುಗಳ ಬಿಆರ್‌ಟಿಎಸ್ ಎಂಬ ಅಕ್ಷರಮಾಲೆಗೆ 'ಚಿಗರಿ' ಎಂದು ಹೆಸರಿಟ್ಟರು, ಆ ಕಡೆಯ ಮಾತಿನಲ್ಲಿ ಜಿಂಕೆ. 'ಚಿಗರಿಗೆ ಹೋಗೂಣ' ಎಂದು ಜನ ಎತ್ತಿಕೊಂಡರು. ಒಳ್ಳೆಯ ಹೆಸರು ಕೊಟ್ಟರೆ ಜನ ಬಳಸುವುದಿಲ್ಲ ಎಂಬ ಮಾತು ನಿಜವಲ್ಲ.

ನಮ್ಮಲ್ಲಿ '-ದಾಣ'ದ ಒಂದು ಸರಣಿಯೇ ಇದೆ. ಸ್ಥಾನದ ತದ್ಭವ ತಾಣ, ಸಂಧಿಯಲ್ಲಿ ತಕಾರ ದಕಾರವಾಗಿ ನಿಲ್ದಾಣ, ತಂಗುದಾಣ, ಅಡಗುದಾಣ. ನಿಲ್ದಾಣದಲ್ಲಿ ನಿಲ್ಲುವುದು ಬಸ್ಸು, ತಂಗುದಾಣದಲ್ಲಿ ತಂಗುವುದು ಮನುಷ್ಯ. ಈ ಎರಡು ಪದಗಳ ನಡುವಿನ ಈ ವ್ಯತ್ಯಾಸ ನನಗೆ ಬಹಳ ಇಷ್ಟ. ಹಾಗೆಯೇ 'ಬದಲುದಾಣ' ಆಗಬಹುದೇ ಎಂದು ನೋಡಿದೆ. ಕಿವಿಗೆ ಒಗ್ಗುವುದಿಲ್ಲ. 'ಮಾರುದಾಣ' ಮಾಡಿದರೆ ಮಾರುವ ಜಾಗ ಅನ್ನುತ್ತಾರೆ. 'ಸಂಗಮ' ಸೊಗಸಾದ ಪದ, ಆದರೆ ಹೊಳೆಗೂ ಹೋಟೆಲಿಗೂ ಹೋಗಿಬಿಟ್ಟಿದೆ.

ನನ್ನ ಮನಸ್ಸು ಈಗ ನಿಂತಿರುವುದು 'ಕೂಡುನಿಲ್ದಾಣ'ದ ಮೇಲೆ. ಕಾರಣ ಹೇಳುತ್ತೇನೆ. ಕೂಡುರಸ್ತೆ ಎಂದರೆ ದಾರಿಗಳು ಬಂದು ಸೇರುವ ಜಾಗ. ಕೂಡುಕುಟುಂಬ ಎಂದರೆ ಹಲವರು ಹಂಚಿಕೊಂಡು ಬಾಳುವ ಮನೆ. ನಾನು ವಿವರಿಸಬೇಕಾದ ಜಾಗಕ್ಕೆ ಈ ಎರಡೂ ಅರ್ಥ ಬೇಕು: ಮಾರ್ಗಗಳು ಸೇರಬೇಕು, ಜೊತೆಗೆ ರೈಲಿನವರು, ಬಸ್ಸಿನವರು, ಊರಿನವರ ಸಂಸ್ಥೆ ಮೂವರೂ ಅದನ್ನು ಹಂಚಿಕೊಂಡಿರಬೇಕು. 'ಹಂಚಿಕೆಯ ಸಾರ್ವಜನಿಕ ಬಸ್ ಬದಲಾವಣಾ ಕೇಂದ್ರ' ಎಂದು ಉದ್ದಕ್ಕೆ ಎಳೆಯುವುದನ್ನು ಒಂದೇ 'ಕೂಡು' ಹೊತ್ತುಕೊಳ್ಳುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವೂ ಇದೆ. ಉತ್ತರ ಕರ್ನಾಟಕದಲ್ಲಿ 'ಕೂಡ್ರಿ' ಅಂದರೆ ಕುಳಿತುಕೊಳ್ಳಿ. ಅಲ್ಲಿಯವರಿಗೆ ಕೂಡುನಿಲ್ದಾಣ ಎಂದರೆ ಬೆಂಚು ಹಾಕಿದ ಜಾಗ ಎಂದು ಕೇಳಿಸೀತೇ? ಹಾಗೆ ಕೇಳಿಸಿದರೆ ಪದ ಬಿಡಲು ನಾನು ಸಿದ್ಧ.

ಎರಡನೆಯ ತೊಡಕು ಆ ಸಂಸ್ಥೆಯನ್ನು ಕರೆಯುವುದು ಹೇಗೆ ಎಂಬುದು. 'ಸಮುದಾಯ ಸಂಸ್ಥೆ' ಎನ್ನುವುದು ಸಲೀಸು, ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಆದರೆ ನಮ್ಮ ಇವತ್ತಿನ ಮಾತಿನಲ್ಲಿ 'ನಮ್ಮ ಸಮುದಾಯದ ಮುಖಂಡರು', 'ಸಮುದಾಯಕ್ಕೆ ಮೀಸಲಾತಿ', ಎಲ್ಲೆಲ್ಲೂ ಅದು ಜಾತಿಗೆ ಮುಸುಕು ಹಾಕಿದ ಪದವಾಗಿದೆ. ಫ್ರೂಟ್‌ವೇಲ್‌ನ ಸಂಸ್ಥೆ ಒಂದು ಭಾಷೆಯ ಜನರಿಂದ ಹುಟ್ಟಿದ್ದು ನಿಜ. ಆದರೆ ನಿಲ್ದಾಣದ ವಿಷಯದಲ್ಲಿ ಅದು ಮಾತಾಡಿದ್ದು ಆ ಬೀದಿಯ, ಆ ಬಡಾವಣೆಯ ಪರವಾಗಿ. ಸಮುದಾಯ ಸಂಸ್ಥೆ ಎಂದರೆ ಓದುಗರು ಜಾತಿ ಸಂಘಕ್ಕೆ ಸರ್ಕಾರಿ ಜಮೀನು ಕೊಟ್ಟ ಕಥೆ ಎಂದು ಓದಿಕೊಳ್ಳುವ ಅಪಾಯ ಇದೆ. ಈ ಅಪಾಯವನ್ನು ನಾನು ಹಗುರವಾಗಿ ಕಾಣಲಾರೆ, ಇಡೀ ಕೈಪಿಡಿಯ ಉದ್ದೇಶವೇ ಅಲ್ಲಿ ಕೆಡುತ್ತದೆ.

'ಲಾಭರಹಿತ ಸಂಸ್ಥೆ' ಎಂದರೆ ನಷ್ಟದಲ್ಲಿ ನಡೆಯುವ ಸಂಸ್ಥೆ ಅನಿಸುತ್ತದೆ. ಯೂನಿಟಿ ಕೌನ್ಸಿಲ್ ಬಾಡಿಗೆ ಪಡೆಯುತ್ತದೆ, ಮನೆ ಕಟ್ಟಿಸುತ್ತದೆ, ಲೆಕ್ಕ ಇಡುತ್ತದೆ. ಉಳಿದ ಹಣವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಅಷ್ಟೇ. 'ಸ್ವಯಂಸೇವಾ ಸಂಸ್ಥೆ' ಎಂದರೆ ಸಂಬಳವಿಲ್ಲದೆ ಭಾನುವಾರ ಬಂದು ಕಸ ಗುಡಿಸುವವರು ಕಣ್ಣಿಗೆ ಬರುತ್ತಾರೆ. 'ಸರ್ಕಾರೇತರ' ಎಂಬುದು ಏನಲ್ಲ ಎಂದು ಮಾತ್ರ ಹೇಳುತ್ತದೆ. ಹಿಂದೆ ನಮ್ಮಲ್ಲಿ ಇಂಥದ್ದಕ್ಕೆ 'ಧರ್ಮ' ಎಂಬ ಪದ ಇತ್ತು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರವೇ ಗುಬ್ಬಿ ತೋಟದಪ್ಪನವರು ದಾರಿಹೋಕರಿಗೆ ಧರ್ಮಛತ್ರ, ಓದುವ ಹುಡುಗರಿಗೆ ವಿದ್ಯಾರ್ಥಿನಿಲಯ ಮಾಡಿಸಿದರು. ರೈಲು ನಿಲ್ದಾಣ ಸರ್ಕಾರದ್ದು, ಪಕ್ಕದಲ್ಲಿ ಪ್ರಯಾಣಿಕರ ಯೋಗಕ್ಷೇಮ ದತ್ತಿಯದ್ದು. ಈ ಜೋಡಿ ನಮಗೆ ಹೊಸತಲ್ಲ. ಕರಾವಳಿಯಲ್ಲಿ ಇವತ್ತಿಗೂ ಎಷ್ಟೋ ತಂಗುದಾಣಗಳ ಹಣೆಯ ಮೇಲೆ ಯುವಕ ಮಂಡಲದ ಹೆಸರೋ ತೀರಿಕೊಂಡ ಹಿರಿಯರ ಹೆಸರೋ ಇರುತ್ತದೆ. ಆದರೆ 'ಧರ್ಮಸಂಸ್ಥೆ' ಎಂದು ಇವತ್ತು ಬರೆದರೆ ಮಠ ಎಂದುಕೊಳ್ಳುತ್ತಾರೆ. ಸದ್ಯಕ್ಕೆ 'ಸ್ಥಳೀಯರ ಸೇವಾಸಂಸ್ಥೆ' ಎಂದು ಹಾಕಿಕೊಂಡಿದ್ದೇನೆ. ತೃಪ್ತಿ ಇಲ್ಲ. 'ದತ್ತಿ' ಸೇರಿಸಿ ಏನಾದರೂ ಮಾಡಬಹುದೇ?

ಇದಕ್ಕೇ ಅಂಟಿಕೊಂಡ ಇನ್ನೊಂದು: 'ಸ್ಟೇಕ್‌ಹೋಲ್ಡರ್', ಅಂದರೆ ಒಂದು ಕೆಲಸದ ಒಳಿತು ಕೆಡುಕು ತಟ್ಟುವ ಎಲ್ಲರೂ. ಸರ್ಕಾರಿ ಕಡತಗಳಲ್ಲಿ 'ಭಾಗೀದಾರರು' ಎಂದು ಬರುತ್ತದೆ, ಹಣ ಹಾಕಿದವರ ಹಾಗೆ ಕೇಳಿಸುತ್ತದೆ. 'ಹಿತಾಸಕ್ತರು' ಎಂದರೆ ಹಿಂದೆಯೇ 'ಪಟ್ಟಭದ್ರ' ಓಡಿಬರುತ್ತದೆ. ನಿಲ್ದಾಣದ ವಿಷಯದಲ್ಲಿ ಈ ಗುಂಪಲ್ಲಿ ಯಾರಿದ್ದಾರೆ ನೋಡಿ: ದಿನಾ ಬಸ್ಸು ಬದಲಿಸುವ ಗಾರ್ಮೆಂಟ್ಸ್ ಹೆಂಗಸರು, ಕಂಡಕ್ಟರು, ಹೂ ಮಾರುವವಳು, ಆಟೋ ಸ್ಟ್ಯಾಂಡಿನವರು, ಎದುರು ಮನೆಯವರು. ಇವರಲ್ಲಿ ಯಾರೂ ಪಾಲುದಾರರಲ್ಲ, ಎಲ್ಲರಿಗೂ ಸಂಬಂಧ ಇದೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ 'ಊರ ಹತ್ತು ಸಮಸ್ತರು' ಎಂದು ಇರುತ್ತದಲ್ಲ, ಅದು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! 'ಹತ್ತು ಸಮಸ್ತರನ್ನು ಕೂರಿಸಿ ಸಭೆ ಮಾಡಿದರು' ಎಂದು ಬರೆದಿದ್ದೇನೆ. ಘಟ್ಟದ ಮೇಲಿನವರಿಗೆ ಇದು ಅರ್ಥವಾಗುತ್ತದೆಯೇ, ಅಥವಾ ದೇವಸ್ಥಾನದ ಜಾತ್ರೆಯ ನೆನಪಷ್ಟೇ ಬರುತ್ತದೆಯೇ ತಿಳಿಸಿ.

ಉಳಿದವು ಚಿಕ್ಕವು. ಫ್ರೂಟ್‌ವೇಲ್‌ನಲ್ಲಿ ಕೊನೆಗೆ ಕಟ್ಟಿದ್ದಕ್ಕೆ ಇಟ್ಟ ಹೆಸರು 'ಟ್ರಾನ್ಸಿಟ್ ವಿಲೇಜ್'. ಅದಕ್ಕೆ 'ಸಾರಿಗೆ ಗ್ರಾಮ' ಬೇಡ, ಗ್ರಾಮ ಎಂದ ಕೂಡಲೇ ಪಂಚಾಯಿತಿ, ಪಹಣಿ ನೆನಪಾಗುತ್ತವೆ. ಕೆಳಗೆ ಅಂಗಡಿ ಮೇಲೆ ಮನೆ ಇರುವುದಕ್ಕೆ ನಮ್ಮಲ್ಲಿ ಪೇಟೆ ಎಂಬ ಪದ ಇದ್ದೇ ಇದೆ, ಚಿಕ್ಕಪೇಟೆ ಬಳೇಪೇಟೆಗಳು ಇದ್ದದ್ದೇ ಹಾಗೆ. 'ನಿಲ್ದಾಣಪೇಟೆ' ಎಂದು ಬರೆದಿದ್ದೇನೆ, ಇದರ ಬಗ್ಗೆ ನನಗೆ ಅನುಮಾನವಿಲ್ಲ. 'ಪ್ಲಾನ್' ಮತ್ತು 'ಪ್ರಾಜೆಕ್ಟ್' ಎರಡಕ್ಕೂ 'ಯೋಜನೆ' ಎಂದರೆ ಕಥೆಯ ಗಂಟೇ ಬಿಚ್ಚುವುದಿಲ್ಲ, ಯಾಕಂದರೆ ಅಲ್ಲಿ ಒಬ್ಬರ ಕಾಮಗಾರಿಗೆ ಎದುರಾಗಿ ಇನ್ನೊಬ್ಬರು ನಕ್ಷೆ ಇಟ್ಟರು. ಆದ್ದರಿಂದ ಪಾರ್ಕಿಂಗ್ ಕಟ್ಟಡಕ್ಕೆ 'ಕಾಮಗಾರಿ', ಜನ ಬರೆಸಿದ್ದಕ್ಕೆ 'ನಕ್ಷೆ' ಎಂದು ಬೇರ್ಪಡಿಸಿದ್ದೇನೆ. ಬಸ್ಸು ಬಂದು ಮೂತಿ ಇಡುವ ಜಾಗಕ್ಕೆ 'ಅಂಕಣ'. ಕೆಲವು ನಿಲ್ದಾಣಗಳಲ್ಲಿ ಈ ಪದ ಬಳಕೆಯಲ್ಲಿದೆ, ಹಳೆಯ ತೊಟ್ಟಿಮನೆಗಳಲ್ಲಿ ಎರಡು ಕಂಬದ ನಡುವಿನ ಜಾಗಕ್ಕೂ ಅಂಕಣ ಅಂತಲೇ ಹೆಸರು. ನಿಲ್ದಾಣದ ಮಾಡಿನ ಕೆಳಗೆ ಕಂಬಗಳ ನಡುವೆ ನಿಂತ ಬಸ್ಸು ನೋಡಿದವರಿಗೆ ಇದಕ್ಕಿಂತ ಸರಿಯಾದ ಪದ ಸಿಗಲಾರದು.

ಒಂದು ಬಾಕಿ ಇದೆ. ಅಮೆರಿಕದ ಹಲವು ಊರುಗಳಲ್ಲಿ ಹಿಂದೆ ಮೊದಲ ಬಸ್ಸಿನಲ್ಲಿ ಒಂದು ಕಾಗದದ ಚೀಟಿ ಕೊಡುತ್ತಿದ್ದರು. ಅದನ್ನು ತೋರಿಸಿದರೆ ಎರಡನೆಯ ಬಸ್ಸಿಗೆ ಮತ್ತೆ ಪೂರ್ತಿ ದುಡ್ಡು ಕೊಡಬೇಕಿಲ್ಲ. ಆ ಚೀಟಿಗೂ ಟ್ರಾನ್ಸ್‌ಫರ್ ಎಂದೇ ಹೆಸರು. ನಮ್ಮಲ್ಲಿ ಆ ಪದ್ಧತಿಯೇ ಬೇರೂರಲಿಲ್ಲ. ಪಾಸು ಇಲ್ಲದವರು ಬಸ್ಸು ಬದಲಿಸಿದರೆ ಮೊದಲ ಸ್ಟೇಜಿನಿಂದ ಹೊಸ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಆ ಖರ್ಚು ತಪ್ಪಿತು, ನಡಿಗೆ ಮತ್ತು ಕಾಯುವಿಕೆ ಮಾತ್ರ ಉಳಿಯಿತು. ಗಂಡಸರಿಗೆ ಮೂರೂ ಇದೆ. ಈ ಚೀಟಿಗೆ ಬಳಕೆಯ ಪದ ಇಲ್ಲದಿರುವುದರಿಂದ 'ಮುಂದಿನ ಬಸ್ಸಿಗೂ ನಡೆಯುವ ಟಿಕೆಟ್' ಎಂದು ಬಿಡಿಸಿ ಬರೆದಿದ್ದೇನೆ. ಬೆಂಗಳೂರಿನ ನಗರ ಬಸ್ಸುಗಳಿಗೆ ಬಿಟಿಎಸ್ ಎಂಬ ಹೆಸರಿದ್ದ ಹಳೆಯ ಕಾಲದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಒಳಮಾತಿನಲ್ಲಿ ಇದಕ್ಕೇನಾದರೂ ಹೆಸರಿತ್ತೇ ಹೇಳಬೇಕು.

ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ನನಗೆ ತುರ್ತಾಗಿ ಬೇಕಿರುವುದು ಹುಬ್ಬಳ್ಳಿ, ಗದಗ, ಬಾಗಲಕೋಟೆ, ಕಲಬುರಗಿ ಕಡೆಯವರ ಮಾತು. 'ಕೂಡುನಿಲ್ದಾಣ' ಎಂದು ಓದಿದ ಕೂಡಲೇ ಮೊದಲು ಏನು ಹೊಳೆಯಿತು ಎಂಬುದನ್ನು ಯೋಚಿಸದೆ ಹಾಗೇ ಬರೆದು ಕಳಿಸಿ. ಮನೆಯಲ್ಲಿ ದಿನಾ ಬಸ್ಸಿಗೆ ಓಡಾಡುವವರು ಇದ್ದರೆ ಅವರನ್ನೂ ಕೇಳಿ, ಅವರ ಉತ್ತರಕ್ಕೆ ನನ್ನಲ್ಲಿ ಹೆಚ್ಚು ತೂಕ.