ಬಲೂನು ಹತ್ತಿದವನಿಗೆ ಬಲೂನೇ ಕಾಣಲ್ಲ

ಸ್ಟುಡಿಯೋ ಮಂಜ ಪೊಳ್ಳಾಚಿಯ ಬಲೂನು ಹಬ್ಬ ನೋಡಿಕೊಂಡು ಬಂದಾಗಿನಿಂದ ಹಾಸನದ ಮಹಾರಾಜ ಪಾರ್ಕಿನ ನಮ್ಮ ವಾಕಿಂಗ್ ಗುಂಪು ಪೂರ್ತಿ ಕೆಟ್ಟುಹೋಗಿದೆ. ಮೊದಲೇ ನಾವು ನಡೆಯೋದು ಕಮ್ಮಿ, ಕಾಫಿಗೆ ನಿಲ್ಲೋದು ಜಾಸ್ತಿ. ಈಗ ಅದೂ ಹೋಗಿ ಬರೀ ಜಗಳ. ಮಂಜನದು ಒಂದೇ ಹಟ: ಬಿಸಿಗಾಳಿ ಬಲೂನು ಅನ್ನೋದು ಹತ್ತೋ ವಸ್ತು ಅಲ್ಲವೇ ಅಲ್ಲ, ಕೆಳಗೆ ನಿಂತು ಫೋಟೋ ತೆಗೆಯೋ ವಸ್ತು.

"ಹತ್ತೋಕೆ ಧೈರ್ಯ ಇಲ್ಲದವರ ಮಾತು ಇದು" ಅಂದರು ಸಕಲೇಶಪುರದ ಕಡೆಯ ತೋಟದ ಗೌಡ್ರು.

"ಹತ್ತಿ ಇಳಿದೇ ಹೇಳ್ತಿದ್ದೀನಿ ಗೌಡ್ರೇ. ಮೇಲಿಂದ ತೆಂಗಿನ ಮರದ ತಲೆ ಸಿಗುತ್ತೆ, ಕಾಲುವೆ ಸಿಗುತ್ತೆ, ಬೊಗಳೋ ನಾಯಿ ಸಿಗುತ್ತೆ. ಬಲೂನು ಮಾತ್ರ ಸಿಗಲ್ಲ! ಅದು ನಿಮ್ಮ ತಲೆ ಮೇಲೇ ಇರುತ್ತಲ್ಲ. ನಿಮ್ಮ ಫೋಟೋ ಪಕ್ಕದ ಬಲೂನಿನವನು ತೆಗೀಬೇಕು, ಅವನ ಫೋನ್ ನಂಬರ್ ಇಸ್ಕೊಳ್ಳೋಕೆ ಅಷ್ಟೆತ್ತರದಲ್ಲಿ ಆಗುತ್ತಾ?"

ಮಂಜ ಕೆಳಗೆ ನಿಂತು ನೋಡಿದ ಕಥೆ ಶುರು ಮಾಡಿದರೆ ನಿಲ್ಲಿಸೋದು ಕಷ್ಟ. ಸೂರ್ಯ ಹುಟ್ಟೋ ಮೊದಲೇ ಮೈದಾನಕ್ಕೆ ಹೋಗಬೇಕಂತೆ. ನೈಲಾನ್ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಬೆತ್ತದ ಬುಟ್ಟಿಯನ್ನು ಮಗ್ಗುಲಿಗೆ ಮಲಗಿಸಿರುತ್ತಾರೆ. ಮೊದಲು ದೊಡ್ಡ ಫ್ಯಾನ್ ಇಟ್ಟು ತಣ್ಣನೆ ಗಾಳಿ ತುಂಬುತ್ತಾರೆ. ಇಬ್ಬರು ಬಲೂನಿನ ಬಾಯಿ ಅಗಲಿಸಿ ಹಿಡಿದು ನಿಂತಿರುತ್ತಾರೆ, ಒಳಗೆ ನೋಡಿದರೆ ಬೆಳಕೆಲ್ಲ ಬಟ್ಟೆಯಿಂದ ಸೋಸಿಕೊಂಡು ಬಂದು ಹಿಡಿದವರ ಬಿಳಿ ಅಂಗಿ ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಹಳದಿಯಾಗಿ ಕಾಣುತ್ತದೆ. ಆಮೇಲೆ ಪೈಲಟ್ ಬರ್ನರ್ ಬಿಡುತ್ತಾನೆ, ಭುಸ್ ಅಂತ ಒಂದಾಳೆತ್ತರದ ಬೆಂಕಿ, ನೋಡನೋಡುತ್ತಿದ್ದ ಹಾಗೇ ಅಷ್ಟು ದೊಡ್ಡ ಬಟ್ಟೆ ಎದ್ದು ನಿಂತು ಬುಟ್ಟಿಯನ್ನೂ ಎಬ್ಬಿಸುತ್ತದೆ.

"ಇದು ಮೇಲಿದ್ದವನಿಗೆ ಕಾಣುತ್ತಾ? ಹೇಳಿ!"

ಸಂಜೆಯದು ಇನ್ನೊಂದು ಕಥೆ. ಬಲೂನುಗಳನ್ನು ಹಾರಿಸೋದಿಲ್ಲ, ನೆಲದಲ್ಲೇ ಸಾಲಾಗಿ ನಿಲ್ಲಿಸಿ ಎಲ್ಲ ಪೈಲಟ್‌ಗಳೂ ಒಟ್ಟಿಗೆ ಬರ್ನರ್ ಹೊತ್ತಿಸುತ್ತಾರೆ. ಒಳಗಿಂದ ಬೆಳಗೋದು ಕೆಲವೇ ಸೆಕೆಂಡು. ಪೂರ್ತಿ ಕತ್ತಲಾದರೆ ಆಕಾಶ ಬರೀ ಮಸಿ, ಹಾಗಾಗಿ ಸೂರ್ಯ ಮುಳುಗಿ ಇನ್ನೂ ನೀಲಿ ಉಳಿದಿರುವಾಗಲೇ ಕ್ಲಿಕ್ ಮಾಡಬೇಕು. ಆ ಹೊತ್ತಿಗೆ ಸರಿಯಾಗಿ ಮಂಜನ ಮುಂದೆ ಒಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತನಂತೆ, ಇನ್ನೊಬ್ಬ ಅಷ್ಟು ದೂರದ ಬಲೂನಿಗೆ ಮೊಬೈಲ್ ಫ್ಲ್ಯಾಷ್ ಹೊಡೆದನಂತೆ. ಫ್ಲ್ಯಾಷ್ ಹೊಡೆದವನನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಮೇಷ್ಟ್ರಿಗೆ ತಡೆಯಲಿಲ್ಲ. ಅವರು ಫಿಸಿಕ್ಸ್ ಕಲಿಸಿ ರಿಟೈರ್ ಆದವರು, ಚಟ ರಿಟೈರ್ ಆಗಿಲ್ಲ.

"ನೋಡ್ರಪ್ಪ, ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತೆ. ಅದನ್ನೇ 100 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಜಾಗದಲ್ಲಿ ಸುಮಾರು 950 ಗ್ರಾಂ. ಅಂದ್ರೆ ಒಂದು ಘನ ಮೀಟರಿಗೆ ಕಾಲು ಕೆ.ಜಿ. ಎತ್ತೋ ಶಕ್ತಿ. ಗೌಡ್ರು ನೂರು ಕೆ.ಜಿ...."

"ತೊಂಬತ್ತೆಂಟು" ಅಂದರು ಗೌಡ್ರು.

"ಎರಡು ಕೆ.ಜಿ. ಬೆಳಗಿನ ತಿಂಡಿಗೆ ಇರಲಿ. ನಿಮ್ಮೊಬ್ಬರಿಗೇ 400 ಘನ ಮೀಟರ್ ಬಿಸಿಗಾಳಿ ಬೇಕು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಒಂದು ಹಾಲ್. ಬುಟ್ಟಿ, ಸಿಲಿಂಡರ್, ಪೈಲಟ್ ಎಲ್ಲ ಬೇರೆ."

ಗೌಡ್ರು ಬೇಜಾರಾಗಲಿಲ್ಲ, ಒಂದು ಹಾಲ್ ತುಂಬೋ ಮನುಷ್ಯ ಅಂತ ಖುಷಿಯೇ ಆದಂತಿತ್ತು. ಅವರ ಆಸೆ ಬೇರೆ. ಮಂಜರಾಬಾದ್ ಕೋಟೆಯನ್ನು ಮೇಲಿಂದ ನೋಡಬೇಕು. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೆಟ್ಟಿಲು ಹತ್ತಿ ಹೋದವರಿಗೆ ಗೋಡೆ, ಕೊಳ, ಸೆಲ್ಫಿ ತೆಗೆಯೋ ಹುಡುಗರು ಕಾಣುತ್ತಾರೆಯೇ ಹೊರತು ನಕ್ಷತ್ರ ಕಾಣಲ್ಲ. "ಹುಟ್ಟಿದಾಗಿಂದ ಅದರ ಬುಡದಲ್ಲೇ ಇದ್ದೀನಿ, ಆಕಾರ ನೋಡಿದ್ದು ವಾಟ್ಸಾಪಲ್ಲಿ" ಅಂತ ಅವರ ಅಳಲು. ಡ್ರೋನಲ್ಲಿ ನೋಡಬಹುದಲ್ಲ ಅಂತ ನಾನು ಹೇಳಿದ್ದಕ್ಕೆ, ಮದುವೆಗೆ ಹೋಗದೆ ವಿಡಿಯೋ ನೋಡಿದರೆ ಊಟ ಆಗುತ್ತಾ ಅಂತ ಕೇಳಿದರು. ಒಪ್ಪಬೇಕಾದ ಮಾತೇ.

"ಆದ್ರೆ ಕೋಟೆ ಮೇಲೇ ಹೋಗಪ್ಪ ಅಂದ್ರೆ ಹೋಗಲ್ಲ" ಅಂದ ಮಂಜ. "ಸ್ಟೇರಿಂಗೇ ಇಲ್ಲ. ಪೈಲಟ್ ಏರಿಸಬಹುದು, ಮೇಲ್ಗಡೆ ಕಿಂಡಿಯ ಹಗ್ಗ ಎಳೆದು ಬಿಸಿಗಾಳಿ ಬಿಟ್ಟು ಇಳಿಸಬಹುದು. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆ ಬೀಸ್ತಿದ್ದರೆ ಅದರಲ್ಲಿ ಬೇಕಾದ್ದನ್ನ ಹುಡುಕಿ ಹಿಡೀತಾನೆ. ಕೆಳಗೆ ಜೀಪಲ್ಲಿ ಒಂದು ತಂಡ ಹಿಂದೆ ಹಿಂದೆ ಓಡ್ತಿರುತ್ತೆ, ಎಲ್ಲಿ ಇಳಿಯುತ್ತೋ ಅಲ್ಲಿಂದ ಎತ್ಕೊಂಡು ಬರೋಕೆ. ನಿಮ್ಮ ಕಡೆ ಎಲ್ಲಿ ಇಳಿಸ್ತೀರಿ? ಸಿಲ್ವರ್ ಓಕ್ ಮೇಲಾ, ಮೆಣಸಿನ ಬಳ್ಳಿ ಮೇಲಾ?"

"ನನ್ನ ಮೆಣಸಿನ ಮೇಲೆ ಇಳಿದರೆ ಕೊಲೆ ಆಗುತ್ತೆ."

"ಅದೂ ಆಗಿದೆ" ಅಂದರು ಮೇಷ್ಟ್ರು. 1783ರ ಆಗಸ್ಟ್ 27ರಂದು ಪ್ಯಾರಿಸ್‌ನಿಂದ ಒಂದು ಹೈಡ್ರೋಜನ್ ಬಲೂನು ಬಿಟ್ಟರಂತೆ, ಜನ ಇಲ್ಲದ್ದು. ಅದು ಗೊನೆಸ್ ಅನ್ನೋ ಹಳ್ಳಿಯಲ್ಲಿ ಬಿತ್ತು. ಹಳ್ಳಿಯವರು ಯಾವುದೋ ಭೂತ ಅಂದುಕೊಂಡು ಕವೆಗೋಲಲ್ಲಿ ತಿವಿದು ತಿವಿದು ಸಾಯಿಸಿದರು. ಅದೇ ವರ್ಷ ಸೆಪ್ಟೆಂಬರಲ್ಲಿ ಮಾಂಟ್‌ಗೋಲ್ಫಿಯರ್ ಸೋದರರ ಬಿಸಿಗಾಳಿ ಬಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹಾರಿ ಬಂದವು.

"ಕುರಿ ಹಾರಿದೆ, ಕೋಳಿ ಹಾರಿದೆ, ನಾನು ಹಾರಬಾರದು!" ಅಂದರು ಗೌಡ್ರು. ಸ್ವಲ್ಪ ಯೋಚಿಸಿ ತಾವೇ ಹೇಳಿದರು: "ಆದ್ರೆ ನಮ್ಮೂರಲ್ಲಿ ಕವೆಗೋಲು ತರಲ್ಲ. ಆನೆ ಬಂತು ಅಂತ ಪಟಾಕಿ ತರ್ತಾರೆ." ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ಕೆಳಗೆ ಪಟಾಕಿ. ಆ ಚಿತ್ರ ಕಣ್ಣಮುಂದೆ ಬಂದು ಎಲ್ಲರೂ ಒಂದು ಗುಟುಕು ಕಾಫಿ ಕುಡಿದೆವು.

ಮೇಲಿಂದ ತೆಗೆಯೋ ಫೋಟೋವನ್ನು ಮಂಜ ತೀರಾ ಕೀಳಾಗಿ ನೋಡೋದು ಮೇಷ್ಟ್ರಿಗೆ ಹಿಡಿಸಲಿಲ್ಲ. 1858ರಲ್ಲಿ ಫ್ರಾನ್ಸಿನ ನಡಾರ್ ಅನ್ನೋ ಫೋಟೋಗ್ರಾಫರ್ ಗ್ಯಾಸ್ ತುಂಬಿದ ಬಲೂನಿನಿಂದಲೇ, ಆಕಾಶದಿಂದ ನೆಲದ ಮೊದಲ ಫೋಟೋ ತೆಗೆದನಂತೆ. ಆಗಿನ ಗಾಜಿನ ಪ್ಲೇಟನ್ನು ಒದ್ದೆ ಇರುವಾಗಲೇ ತೊಳೀಬೇಕು, ಹಾಗಾಗಿ ಬುಟ್ಟಿಯಲ್ಲೇ ಡಾರ್ಕ್‌ರೂಮ್! ಬಲೂನಿನಿಂದ ಸೋರಿದ ಗ್ಯಾಸ್ ಪ್ಲೇಟುಗಳನ್ನು ಹಾಳು ಮಾಡುತ್ತಿತ್ತು, ಅದು ತಿಳಿಯೋವರೆಗೆ ಬಂದದ್ದೆಲ್ಲ ಕರಿ. "ನೀನು ಮೆಮೊರಿ ಕಾರ್ಡ್ ತುಂಬಿತು ಅಂತ ಅಳ್ತೀಯ."

ಮಂಜ ಇದಕ್ಕೆ ಮಾತ್ರ ತಣ್ಣಗಾದ. ಮೇಲೆ ಒಂದು ಸಂಗತಿ ಚೆನ್ನಾಗಿತ್ತು ಅಂತ ಬಾಯಿಬಿಟ್ಟ: ಗಾಳಿಯ ಜೊತೆಗೇ ಹೋಗುತ್ತಿರೋದರಿಂದ ಮುಖಕ್ಕೆ ಗಾಳಿಯೇ ಹೊಡೆಯಲ್ಲ, ಕ್ಯಾಮೆರಾ ಅಲುಗಲ್ಲ, ಬಲೂನು ತಾನೇ ಮೆಲ್ಲಗೆ ತಿರುಗಿ ನಾಲ್ಕೂ ದಿಕ್ಕು ತೋರಿಸುತ್ತದೆ. ಬೆಳಗಿನ ಬಿಸಿಲಲ್ಲಿ ಬಲೂನಿನ ನೆರಳು ಹೊಲದ ಮೇಲೆ ಜಾರಿಕೊಂಡು ಹೋಗುತ್ತದಂತೆ, ಅದರ ಫೋಟೋ ತೋರಿಸಿದ. ನಿಜ ಹೇಳಬೇಕಂದ್ರೆ ಅವನು ತೆಗೆದದ್ದರಲ್ಲಿ ಅದೇ ಚೆಂದ, ಆದರೆ ಅವನ ಎದುರು ಯಾರೂ ಹೇಳಲಿಲ್ಲ.

"ಸರಿ, ಜನವರಿಗೆ ಎಲ್ಲರೂ ಪೊಳ್ಳಾಚಿಗೆ" ಅಂತ ನಾನು ತೀರ್ಮಾನ ಮಾಡಿದೆ.

"ಜನವರಿಲಿ ಕಾಫಿ ಕುಯ್ಲು. ಆಳು ಬಿಟ್ಟು ಎಲ್ಲಿಗೆ ಬರಲಿ? ಹಬ್ಬಾನ ಜೂನಿಗೆ ಇಡೋಕೆ ಆಗಲ್ವಾ?"

"ಜೂನಲ್ಲಿ ಮಳೆ ಗೌಡ್ರೇ, ಮಳೇಲಿ ಹಾರಿಸಲ್ಲ."

"ಹಾಗಾದ್ರೆ ಮಂಜ, ನೀನು ಹತ್ತಿ ವಿಡಿಯೋ ಕಾಲ್ ಮಾಡು. ಇಳಿಯೋದನ್ನ ಪೂರ್ತಿ ತೋರಿಸಬೇಕು."

"ಇಳಿಯೋವಾಗ ಕ್ಯಾಮೆರಾ, ಫೋನು ಎಲ್ಲ ಚೀಲಕ್ಕೆ ಹಾಕಿ, ಮಂಡಿ ಬಗ್ಗಿಸಿ, ಎರಡೂ ಕೈಯಲ್ಲಿ ಬುಟ್ಟಿ ಒಳಗಿನ ಹಗ್ಗ ಹಿಡ್ಕೋಬೇಕು. ಕೆಲವು ಸಲ ಬುಟ್ಟಿ ಮಗುಚಿ ಎಳ್ಕೊಂಡೂ ಹೋಗುತ್ತೆ."

"ಅದನ್ನೇ ಕಣಯ್ಯ ನಾನು ನೋಡಬೇಕಿರೋದು" ಅಂದರು ಗೌಡ್ರು.