ಬಜೆಟ್ ಬೇಸ್ ಗಿಟಾರ್ ಸಾಕಾ, ದುಬಾರಿದೇ ಬೇಕಾ?

ಹೊಸ ಬೆರಳು ಕೇಳಿದ್ದು:

ಒಂದೂವರೆ ವರ್ಷದಿಂದ ಸ್ನೇಹಿತನ ಬೇಸ್ ಗಿಟಾರ್ ಇಟ್ಟುಕೊಂಡು ಕಲಿಯುತ್ತಿದ್ದೇನೆ. ಈಗ ಅವನಿಗೆ ಅದು ವಾಪಸ್ ಬೇಕಂತೆ. ನನ್ನದೇ ಒಂದು ತಗೋಬೇಕು. ಸ್ಕ್ವೈಯರ್ ಬ್ರ್ಯಾಂಡಿನ ಅಗ್ಗದ ಜಾಝ್ ಬೇಸ್ ಒಂದು ಕಣ್ಣಿಗೆ ಬಿದ್ದಿದೆ. ಇನ್ನೊಂದಷ್ಟು ತಿಂಗಳು ಕಾದು ದುಡ್ಡು ಕೂಡಿಸಿದರೆ ಅದರ ನಾಲ್ಕು ಪಟ್ಟು ಬೆಲೆಯ ಫೆಂಡರ್ ಕೂಡ ತಗೋಬಹುದು. ನೋಡೋಕೆ ಎರಡೂ ಒಂದೇ ಥರ. ವಾರಕ್ಕೊಮ್ಮೆ ಬ್ಯಾಂಡ್ ಪ್ರಾಕ್ಟೀಸ್ ಇದೆ, ಆಗೀಗ ಸ್ಟೇಜ್. ಮನೆಯಲ್ಲಿರುವುದು ಚಿಕ್ಕ ಆಂಪ್. ಎರಡನ್ನೂ ಬಳಸಿದವರು ಅನುಭವ ಹೇಳಿ.

ಮೂಲೆಯಲ್ಲಿ ನಿಲ್ಲುವವನು:

ನಾನು ಈ ದಾರಿಯನ್ನು ಉಲ್ಟಾ ನಡೆದವನು. ಮೊದಲು ದುಬಾರಿದು ತಗೊಂಡೆ, ಎರಡು ವರ್ಷದ ಮೇಲೆ ಅಗ್ಗದ್ದು.

ದುಬಾರಿ ಬೇಸ್ ಮನೆಗೆ ಬಂದ ಮೊದಲ ತಿಂಗಳು ಅದನ್ನು ನುಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ಪ್ರಾಕ್ಟೀಸಿಗೆ ಒಯ್ಯಲು ಭಯ. ಡ್ರಮ್ಮರ್ ಪಕ್ಕದಲ್ಲಿ ಸಿಂಬಲ್ ಸ್ಟ್ಯಾಂಡ್ ಎಳೆದಾಗೆಲ್ಲ ಎದೆ ಝಲ್ ಅನ್ನುತ್ತಿತ್ತು. ಕೊನೆಗೆ ಪ್ರಾಕ್ಟೀಸಿಗೆ ಅಂತಲೇ ಒಂದು ಬಜೆಟ್ ಬೇಸ್ ತಂದೆ.

ಅದರ ಕಥೆ ಕೇಳಿ. ಮೊದಲ ದಿನ ನೆಕ್ (ಬೇಸ್‌ನ ಉದ್ದನೆಯ ಕತ್ತು) ಮೇಲೆ ಕೈ ಜಾರಿಸಿದೆ, ತೋರುಬೆರಳ ಬದಿಗೆ ಸಣ್ಣ ಗೀರು ಬಿತ್ತು. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ತುದಿ ಗರಗಸದ ಹಲ್ಲಿನ ಹಾಗೆ ಆಚೆ ಬಂದಿದ್ದವು. ತಂತಿ ಎಷ್ಟು ಎತ್ತರ ಇತ್ತು ಅಂದರೆ, ಒಂದು ಹಾಡು ಮುಗಿಯುವಷ್ಟರಲ್ಲಿ ಮುಂಗೈ ಹಿಡಿದುಕೊಳ್ಳುತ್ತಿತ್ತು. ವಾಪಸ್ ಕೊಟ್ಟುಬಿಡೋಣ ಅಂದುಕೊಂಡೆ. ಅದಕ್ಕೆ ಮೊದಲು ಗಿಟಾರ್ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಫ್ರೆಟ್ ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ನೆಕ್‌ನ ಮೇಲ್ತುದಿಯ ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳನ್ನು ಸ್ವಲ್ಪ ಆಳ ಮಾಡಿದರು. ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಿ ನೆಕ್‌ನ ಬಾಗು ಸರಿಪಡಿಸಿದರು. ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್ ಹತ್ತಿರ ತಂತಿ ಇಳಿಸಿ, ಹೊಸ ತಂತಿ ಹಾಕಿದರು. ಸಂಜೆ ಕೈಗೆ ಬಂದಾಗ ಅದು ಬೇರೆಯದೇ ವಾದ್ಯ. ಏಳು ವರ್ಷ ಆಯ್ತು, ಈಗಲೂ ಸ್ಟೇಜ್ ಹತ್ತುವುದು ಅದರ ಜೊತೆಗೇ.

ಇನ್ನು ದುಬಾರಿದರ ಗುಟ್ಟು. ಅದರ ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯ 6ನೇ ಫ್ರೆಟ್‌ನಲ್ಲಿ ಸ್ವರ ಸಾಯುತ್ತದೆ! ಹಿಂದಿನ ಫ್ರೆಟ್‌ನಲ್ಲಿ ನಾದ ಹಾಯಾಗಿ ನಿಲ್ಲುತ್ತದೆ, 6ಕ್ಕೆ ಬಂದರೆ ಡುಪ್ ಅಂದು ಮುಗಿಯಿತು. ಇದಕ್ಕೆ ಡೆಡ್ ಸ್ಪಾಟ್ ಅಂತಾರೆ. ಮರದ ನೆಕ್ ತನ್ನದೇ ಕಂಪನದಲ್ಲಿ ಆ ಸ್ವರದ ಶಕ್ತಿಯನ್ನು ನುಂಗಿಬಿಡುತ್ತದೆ. ಫೆಂಡರ್ ಜಾತಿಯ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಇದು ಮಾಮೂಲು. ಬೆಲೆ ನೋಡಿಕೊಂಡು ಬರುವುದಿಲ್ಲ.

ಹಾಗಂತ ದುಬಾರಿದು ದಂಡವಾ ಅಂದರೆ, ಅಲ್ಲ. ಅದರ ವಾಲ್ಯೂಮ್ ಗುಂಡಿ ತಿರುಗಿಸಿದಷ್ಟೂ ಸದ್ದು ಮೆಲ್ಲಗೆ ಏರುತ್ತದೆ. ಅಗ್ಗದ್ದರಲ್ಲಿ ಮುಕ್ಕಾಲು ಸುತ್ತು ಏನೂ ಇಲ್ಲ, ಆಮೇಲೆ ಒಮ್ಮೆಲೇ ದಡ್ ಅಂತ ಬರುತ್ತದೆ. ಹವೆ ಬದಲಾದಾಗ ದುಬಾರಿದರ ನೆಕ್ ಅಷ್ಟಾಗಿ ಅಲುಗಾಡಲ್ಲ, ಅಗ್ಗದ್ದಕ್ಕೆ ವರ್ಷಕ್ಕೆ ಎರಡು ಸಲ ಟ್ರಸ್ ರಾಡ್ ಮುಟ್ಟಲೇಬೇಕು. ಕತ್ತಲೆಯಲ್ಲಿ ಒಬ್ಬನೇ ಕೂತು ನುಡಿಸುವಾಗ ಕೈ ಹೋಗುವುದು ದುಬಾರಿದರ ಕಡೆಗೇ. ಆದರೆ ಮೊದಲ ಬೇಸ್ ಅಂತ ಕೇಳಿದರೆ, ಸ್ಕ್ವೈಯರ್ ತಗೊಳ್ಳಿ, ನಾನು ಮಾಡಿಸಿದ ಹಾಗೆ ಸೆಟಪ್ ಮಾಡಿಸಿ. ಈಗಿರುವ ಬೇಸ್ ನಿಮಗೆ ಏನು ಕೊಡುತ್ತಿಲ್ಲ ಅಂತ ಬೆರಳಿಟ್ಟು ತೋರಿಸುವ ದಿನ ಬಂದಾಗ ದೊಡ್ಡದರ ಯೋಚನೆ ಮಾಡಿ.

ಗುಮ್ ಗುಮ್:

ಮೊದಲು ಆಂಪ್ ಬದಲಿಸಿ. ಬೇಸ್‌ನ ದಪ್ಪ ಇ ತಂತಿಯನ್ನು ಹಾಗೇ ಮೀಟಿದರೆ ಸುಮಾರು 41 ಹರ್ಟ್ಸ್. ನಿಮ್ಮ ಚಿಕ್ಕ ಆಂಪ್‌ನ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಮೇಲಿನ ಸ್ವರಾಂಶಗಳನ್ನಷ್ಟೇ ಕೇಳಿಸುತ್ತದೆ. ಅದಕ್ಕೆ ನಾಲ್ಕು ಪಟ್ಟು ಬೆಲೆಯ ಬೇಸ್ ಸಿಕ್ಕಿಸಿದರೂ ಕೇಳುವುದು ಅದೇ ಡಬ್ಬದ ಸದ್ದು.

ರಿಪೇರಿ ಮೇಷ್ಟ್ರು:

ಮೂಲೆಯವರು ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ದಿನಾ ಎರಡೂ ಬಗೆಯವನ್ನು ಬಿಚ್ಚುವವನು ನಾನು.

ಸ್ಕ್ವೈಯರ್ ಬ್ರ್ಯಾಂಡ್ ಫೆಂಡರ್ ಕಂಪನಿಯದ್ದೇ. ವಿನ್ಯಾಸವೂ ಒಂದೇ: ಫೆಂಡರ್‌ನ 1951ರ ಪ್ರಿಸಿಷನ್ ಬೇಸ್, 1960ರ ಜಾಝ್ ಬೇಸ್. ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಅಳತೆ ಎರಡರಲ್ಲೂ 34 ಇಂಚು. ಮರ ಕೊರೆಯುವ ಕೆಲಸ ಈಗ ಕಂಪ್ಯೂಟರ್ ಯಂತ್ರದ್ದು, ಹಾಗಾಗಿ ಅಗ್ಗದ ಬೇಸ್‌ನ ಆಕಾರ ಕೆಡುವುದು ಕಡಿಮೆ. ದುಡ್ಡು ಉಳಿಸುವುದು ಕೈಕೆಲಸದಲ್ಲಿ. ಫ್ರೆಟ್ ಸಮ ಮಾಡುವುದು, ತುದಿ ಉಜ್ಜುವುದು, ನಟ್ ಕೊರೆಯುವುದು, ಎಲ್ಲಕ್ಕೂ ಮನುಷ್ಯನ ಹೊತ್ತು ಬೇಕಲ್ಲ. ಅದನ್ನು ಆಮೇಲೆ ನನ್ನಂಥವರ ಹತ್ತಿರ ಮಾಡಿಸಬಹುದು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಆಗಿಸುವ ಭಾಗ), ತಂತಿ ಬಿಗಿಯುವ ಕಿವಿಗಳು, ವಾಲ್ಯೂಮ್ ಗುಂಡಿ ಎಲ್ಲ ಬದಲಿಸಬಹುದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ನನ್ನ ಹತ್ತಿರ ಬರಬೇಡಿ, ಅದನ್ನು ತಗೊಳ್ಳಲೇಬೇಡಿ.

ಅಂಗಡಿಯಲ್ಲಿ ಹೀಗೆ ನೋಡಿ. ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ಎರಡು ಅಂಚೂ ಒಂದೇ ರೀತಿ ಓಡಬೇಕು. ಆಮೇಲೆ ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಜೊತೆಗೆ ಬಂದವರಿಗೆ 7ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಲು ಹೇಳಿ. ತಂತಿಯನ್ನು ಎತ್ತದೆ ಬಿಗಿಯಾಗಿ ಹೋದರೆ ಬಾಗು ಸರಿಯಿದೆ. ತುಂಬಾ ಸಡಿಲ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಬೇಕು. ಮಾರುವವರಿಗೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. ರಾಡ್ ತಿರುಗದೆ ಕೂತುಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ನಾಲ್ಕೂ ತಂತಿಯ ಮೇಲೆ ಒಂದೊಂದೇ ಫ್ರೆಟ್ ನುಡಿಸುತ್ತಾ ಹೋಗಿ. ಬೇಜಾರಿನ ಕೆಲಸ, ಆದರೆ ಡೆಡ್ ಸ್ಪಾಟ್ ಆಗಲಿ ಎದ್ದುನಿಂತ ಫ್ರೆಟ್ ಆಗಲಿ ಹೀಗಲ್ಲದೆ ಸಿಗಲ್ಲ.

ಒಂದು ಮಾತು. ಜಾಝ್ ಬೇಸ್‌ನಲ್ಲಿ ಎರಡು ಪಿಕಪ್‌ನ ವಾಲ್ಯೂಮೂ ಪೂರ್ತಿ ಇದ್ದಾಗ ನಿಶ್ಶಬ್ದ, ಒಂದನ್ನು ಇಳಿಸಿದರೆ ಗುಂಯ್ ಅಂತ ಸದ್ದು. ಕೆಟ್ಟಿದೆ ಅಂತ ಹೊತ್ತು ತರುತ್ತಾರೆ. ಕೆಟ್ಟಿರುವುದಿಲ್ಲ, ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ ಇರುವುದೇ ಹಾಗೆ. ಎರಡೂ ಸಮ ಇದ್ದಾಗ ಒಂದರ ಗುಂಯ್ ಇನ್ನೊಂದು ಕಳೆಯುತ್ತದೆ, ಅಷ್ಟೇ. ಸಿಂಗಲ್ ಕಾಯಿಲ್ ಇರುವ ದುಬಾರಿದೂ ಹೀಗೇ ಗುಂಯ್ಗುಡುತ್ತದೆ.

ಐದನೇ ತಂತಿ:

ಎಲ್ಲರೂ ಅಗ್ಗದ್ದೇ ಸಾಕು ಅನ್ನುತ್ತಿದ್ದೀರಿ, ನನಗೆ ಒಪ್ಪಿಗೆ ಇಲ್ಲ. ನಾನು ಮೊದಲು ಐದು ತಂತಿಯ ಬಜೆಟ್ ಬೇಸ್ ತಗೊಂಡೆ. ಕೆಳಗಿನ ಬಿ ತಂತಿ ಸುಮಾರು 31 ಹರ್ಟ್ಸ್. ಮೀಟಿದರೆ ಸ್ವರ ಬರುತ್ತಿರಲಿಲ್ಲ, ಒದ್ದೆ ಹಗ್ಗ ಬಡಿದಂಥ ಸದ್ದು. ತಂತಿ ಬದಲಿಸಿದೆ, ಸೆಟಪ್ ಮಾಡಿಸಿದೆ, ಪಿಕಪ್ ಕೂಡ ಬದಲಿಸಿದೆ. ಹಾಕಿದ ದುಡ್ಡೆಲ್ಲ ಕೂಡಿಸಿದರೆ ಒಳ್ಳೆಯ ಬೇಸ್‌ನ ಬೆಲೆಗೆ ಹತ್ತಿರ ಬಂತು. ಮಾರಲು ಹೋದಾಗ ಹೊಸ ಪಿಕಪ್‌ಗೆ ಯಾರೂ ಒಂದು ಪೈಸೆ ಜಾಸ್ತಿ ಕೊಡಲಿಲ್ಲ. ಆಮೇಲೆ ತಗೊಂಡ ದುಬಾರಿದರಲ್ಲಿ ನೆಕ್ ಗಟ್ಟಿ, ತಂತಿಯ ಅಳತೆ 35 ಇಂಚು. ಬಿ ತಂತಿ ಮಾತಾಡುತ್ತದೆ. ನಾಲ್ಕೇ ತಂತಿ ಸಾಕು ಅಂದರೆ ನನ್ನ ಮಾತು ಬಿಡಿ. ಐದರ ಆಸೆ ಇದ್ದರೆ ಕಾಯಿರಿ.

ರಿಪೇರಿ ಮೇಷ್ಟ್ರು:

ಐದು ತಂತಿಯ ಮಾತು ನಿಜ. ಅಲ್ಲಿ ಅಗ್ಗದ್ದು ಬೇಗ ಸೋಲುತ್ತದೆ.

ಹಳೇ ತಂತಿ:

ತಂತಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೇಲೆ ನುಣುಪಾಗಿರುವ ಫ್ಲ್ಯಾಟ್‌ವೌಂಡ್ ತಂತಿ ಹಾಕಿ ನೋಡಿ, ಅದೇ ಬೇಸ್ ದಪ್ಪ ದನಿಯಲ್ಲಿ ಹಾಡುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದುದು ಫ್ಲ್ಯಾಟ್‌ವೌಂಡ್ ಹಾಕಿದ ಪ್ರಿಸಿಷನ್ ಬೇಸ್, ತಂತಿ ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ನನ್ನವೂ ಹಾಕಿ ಆರು ವರ್ಷ ಆಯ್ತು. (ಜೇಮರ್ಸನ್ ಥರ ನುಡಿಸುತ್ತೇನೆ ಅಂತಲ್ಲ, ಸೋಮಾರಿತನಕ್ಕೆ ಒಂದು ನೆಪ.) ಆಮೇಲೆ, ಅಂಗಡಿಯಲ್ಲಿ ಸ್ಟ್ರಾಪ್ ಹಾಕಿ ನಿಂತು ನೋಡುವುದನ್ನು ಮರೀಬೇಡಿ. ಎರಡೂ ಕೈ ಬಿಡಿ. ನೆಕ್ ನೆಲದ ಕಡೆ ವಾಲಿದರೆ ಇಡೀ ಕಾರ್ಯಕ್ರಮ ಎಡಗೈಯಲ್ಲಿ ಅದನ್ನು ಹೊರುತ್ತಾ ನಿಲ್ಲಬೇಕಾಗುತ್ತದೆ.

ಹೊಸ ಬೆರಳು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ನೋಡಿಕೊಂಡು ಬಂದೆ. ಅದೇ ಮಾಡೆಲ್‌ನ ಮೂರು ಸ್ಕ್ವೈಯರ್ ಇದ್ದವು. ಒಂದರ ಫ್ರೆಟ್ ತುದಿ ಚುಚ್ಚುತ್ತಿತ್ತು. ಇನ್ನೊಂದು ತೂಕ ಜಾಸ್ತಿ, ಹತ್ತು ನಿಮಿಷಕ್ಕೇ ಹೆಗಲು ನೋವು. ಮೂರನೆಯದರಲ್ಲಿ ವಿಸಿಟಿಂಗ್ ಕಾರ್ಡ್ ಸರಿಯಾಗಿ ಕೂತಿತು, ಕೈಗೂ ಹಿಡಿಸಿತು. ಪಕ್ಕದಲ್ಲಿದ್ದ ಫೆಂಡರ್ ಕೂಡ ನುಡಿಸಿದೆ. ಹೌದು, ಚೆನ್ನಾಗಿದೆ. ಆದರೆ ಏನು ಚೆನ್ನಾಗಿದೆ ಅಂತ ಜೊತೆಗೆ ಬಂದವಳು ಕೇಳಿದಾಗ ಹೇಳಲು ಆಗಲಿಲ್ಲ. ಮೂರನೆಯದನ್ನೇ ತಂದೆ. ಉಳಿದ ದುಡ್ಡು ಆಂಪ್‌ಗೆ. ಮೇಷ್ಟ್ರೇ, ಒಂದು ಅನುಮಾನ. 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ತಾಗಿಸಿ ಮೀಟಿದ ಸ್ವರ) ಸರಿಯಾಗಿದೆ, ಒತ್ತಿ ನುಡಿಸಿದರೆ ಶ್ರುತಿ ನೋಡುವ ಟ್ಯೂನರ್ ಶ್ರುತಿ ಸ್ವಲ್ಪ ಏರಿದೆ ಅಂತ ತೋರಿಸುತ್ತದೆ. ಇ ತಂತಿಯಲ್ಲಿ ಮಾತ್ರ.

ರಿಪೇರಿ ಮೇಷ್ಟ್ರು:

ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ಚಿಕ್ಕ ತುಂಡನ್ನು, ಅಂದರೆ ಸ್ಯಾಡಲ್ಲನ್ನು, ನೆಕ್‌ನಿಂದ ದೂರಕ್ಕೆ, ಹಿಂದಕ್ಕೆ ಸರಿಸಬೇಕು. ಹಿಂದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ. ಆದರೆ ಈಗಲೇ ಮುಟ್ಟಬೇಡಿ. ಅಂಗಡಿಯಲ್ಲಿ ಎಷ್ಟು ದಿನದಿಂದ ನೇತಾಡುತ್ತಿತ್ತೋ ಏನೋ. ಮೊದಲು ತಂತಿ ಬದಲಿಸಿ.